ಅಕ್ಕರೆಯಿದೆ, ಮೈ ಒಪ್ಪುವುದಿಲ್ಲ: ಓದುಗರ ಪ್ರಶ್ನೆಗಳಿಗೆ ಪಶುವೈದ್ಯೆಯ ಉತ್ತರ

ಕಳೆದ ತಿಂಗಳು ಈ ಅಂಕಣದಲ್ಲಿ ನಾಯಿಮರಿಗಳ ಲಸಿಕೆಯ ಬಗ್ಗೆ ಬರೆದಿದ್ದೆ. ಅದನ್ನು ಓದಿ ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳಿಂದ ಪತ್ರ ಬರೆದವರಲ್ಲಿ ಹಲವರು ಲಸಿಕೆಯ ಮಾತನ್ನೇ ಎತ್ತಿರಲಿಲ್ಲ. ಪ್ರಾಣಿಗಳೆಂದರೆ ಜೀವ, ಆದರೆ ಆರೋಗ್ಯದ ಕಾರಣಕ್ಕೆ ಸಾಕಲಾಗುತ್ತಿಲ್ಲ, ನಾವೇನು ಮಾಡಬೇಕು ಎಂದು ಕೇಳಿದ್ದರು. ಅಂಥ ನಾಲ್ಕು ಪತ್ರಗಳನ್ನು, ಬರೆದವರ ಗುರುತು ಸಿಗದಂತೆ ಚಿಕ್ಕದು ಮಾಡಿ ಇಲ್ಲಿ ಕೊಟ್ಟಿದ್ದೇನೆ. ಮನುಷ್ಯರಿಗೆ ಔಷಧಿ ಬರೆಯುವುದು ನನ್ನ ಕೆಲಸವಲ್ಲ. ಪ್ರಾಣಿಯ ಕಡೆಯಿಂದ ನಾನು ಬಲ್ಲದ್ದನ್ನು ಹೇಳುತ್ತೇನೆ, ಉಳಿದದ್ದನ್ನು ನಿಮ್ಮ ವೈದ್ಯರ ಮುಂದೆ ಕೇಳಬೇಕು.

ಪ್ರಶ್ನೆ: ನಾನು ಹಾಸನದಲ್ಲಿ ಶಿಕ್ಷಕಿ. ಬೆಳೆದದ್ದು ಆಲೂರು ತಾಲ್ಲೂಕಿನ ತೋಟದ ಮನೆಯಲ್ಲಿ. ಒಲೆಯ ಪಕ್ಕದ ಕಟ್ಟೆಯ ಮೇಲೆ ಯಾವಾಗಲೂ ಒಂದೆರಡು ಬೆಕ್ಕುಗಳು ಮಲಗಿರುತ್ತಿದ್ದವು. ಕಳೆದ ಮಳೆಗಾಲದಲ್ಲಿ ಶಾಲೆಯ ಕಾಂಪೌಂಡಿನ ಬಳಿ ನೆನೆದು ನಡುಗುತ್ತಿದ್ದ ಮರಿಯೊಂದನ್ನು ಮನೆಗೆ ತಂದೆ. ಮೂರು ವಾರಕ್ಕೆ ಸೀನು, ಕಣ್ಣಿನ ನವೆ ಶುರುವಾಯಿತು. ಎರಡು ತಿಂಗಳಾಗುವಷ್ಟರಲ್ಲಿ ರಾತ್ರಿ ಉಬ್ಬಸ ಬಂದು ತುರ್ತು ಚಿಕಿತ್ಸೆಗೆ ಓಡಬೇಕಾಯಿತು. ವೈದ್ಯರು ಬೆಕ್ಕನ್ನು ಯಾರಿಗಾದರೂ ಕೊಟ್ಟುಬಿಡಿ ಎಂದಿದ್ದಾರೆ. ಎಂಟು ವರ್ಷದ ಮಗಳು ಊಟ ಬಿಟ್ಟು ಅಳುತ್ತಿದ್ದಾಳೆ. ವಾರಕ್ಕೊಮ್ಮೆ ಬೆಕ್ಕಿಗೆ ಸ್ನಾನ ಮಾಡಿಸಿದರೆ ಸಾಕು ಎಂದು ಒಬ್ಬರು, ಕೂದಲಿಲ್ಲದ ವಿದೇಶಿ ತಳಿ ತನ್ನಿ ಎಂದು ಇನ್ನೊಬ್ಬರು ಹೇಳುತ್ತಾರೆ. ಚಿಕ್ಕಂದಿನಲ್ಲಿ ಇಲ್ಲದ ತೊಂದರೆ ಈಗೇಕೆ? ನಂಬಿ ಬಂದ ಜೀವವನ್ನು ಹೊರಗೆ ಕಳಿಸುವುದು ಪಾಪವಲ್ಲವೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಏಕೆಂದರೆ ಹದಿನಾಲ್ಕು ವರ್ಷಗಳ ಹಿಂದೆ ನಾನೂ ಇದೇ ಜಾಗದಲ್ಲಿ ನಿಂತಿದ್ದೆ. ಆಗ ನಾನು ಮೂಡಿಗೆರೆ ಕಡೆ ಕೆಲಸದಲ್ಲಿದ್ದೆ. ಮನೆಯಲ್ಲಿ ಒಂದು ಬೂದುಬಣ್ಣದ ಹೆಣ್ಣುಬೆಕ್ಕು ಇತ್ತು, ರಾತ್ರಿ ನನ್ನ ಪಕ್ಕೆಗೆ ಒತ್ತಿಕೊಂಡು ಮಲಗುತ್ತಿತ್ತು. ಜುಲೈ ತಿಂಗಳ ಒಂದು ರಾತ್ರಿ ಎಚ್ಚರವಾದಾಗ ಅದರ ಗುರುಗುಟ್ಟುವ ಸದ್ದು ಕೇಳಿಸುತ್ತಿತ್ತು. ಕತ್ತಲಲ್ಲೇ ಕೈಚಾಚಿ ತಡವಿದೆ. ಹಾಸಿಗೆಯ ಮೇಲೆ ಬೆಕ್ಕು ಇರಲಿಲ್ಲ, ಅದು ಕಿಟಕಿಯ ಕಟ್ಟೆಯಲ್ಲಿ ಕುಳಿತಿತ್ತು. ಆ ಸದ್ದು ನನ್ನ ಎದೆಯಿಂದಲೇ ಬರುತ್ತಿತ್ತು. ದಿನವಿಡೀ ಪ್ರಾಣಿಗಳನ್ನು ಮುಟ್ಟುವ ವೃತ್ತಿಯಲ್ಲಿ ಇರುವವರಿಗೆ ಅಲರ್ಜಿ ಹುಟ್ಟಿಕೊಳ್ಳುವುದು ಅಪರೂಪವಲ್ಲವೆಂದು ಪುಸ್ತಕದಲ್ಲಿ ಓದಿದ್ದರೂ, ಅದು ನನಗೇ ಬರಬಹುದು ಎಂಬುದನ್ನು ಒಪ್ಪಿಕೊಳ್ಳಲು ಇನ್ನೂ ಐದು ತಿಂಗಳು ಬೇಕಾಯಿತು. ಆ ಐದು ತಿಂಗಳನ್ನು ನೀವು ಕಳೆಯಬಾರದು ಎಂಬ ಆಸೆಯಿಂದ ಈ ಉತ್ತರವನ್ನು ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಮೊದಲು, ಈಗೇಕೆ ಎಂಬ ಪ್ರಶ್ನೆ. ಅಲರ್ಜಿ ಹುಟ್ಟಿನಿಂದಲೇ ಬರಬೇಕೆಂದಿಲ್ಲ, ಯಾವ ವಯಸ್ಸಿನಲ್ಲಾದರೂ ಬರಬಹುದು. ಬೆಕ್ಕಿನ ಜೊತೆಯಲ್ಲೇ ಬೆಳೆದವರು ಓದಿಗೋ ಕೆಲಸಕ್ಕೋ ಕೆಲವು ವರ್ಷ ಊರು ಬಿಟ್ಟು, ರಜೆಗೆ ಮನೆಗೆ ಬಂದಾಗ ಅದೇ ಬೆಕ್ಕಿಗೆ ಸೀನತೊಡಗುವುದನ್ನು ನಾನು ಕಂಡಿದ್ದೇನೆ. ದಿನನಿತ್ಯದ ಒಡನಾಟದಲ್ಲಿ ದೇಹ ರೂಢಿಸಿಕೊಂಡಿದ್ದ ಸಹನೆ, ಒಡನಾಟ ನಿಂತಾಗ ಸಡಿಲವಾಗಿರುತ್ತದೆ. ಅದೂ ಅಲ್ಲದೆ ನಿಮ್ಮ ತೋಟದ ಮನೆಯಲ್ಲಿ ಬೆಕ್ಕು ಅಂಗಳ, ಕೊಟ್ಟಿಗೆ, ಅಟ್ಟವೆಲ್ಲ ಸುತ್ತಿ ಬರುತ್ತಿತ್ತು, ಹೆಂಚಿನ ಸಂದಿಯಿಂದ ಗಾಳಿಯಾಡುತ್ತಿತ್ತು. ಈಗಿನ ನಿಮ್ಮ ಮನೆ ಬಹುಶಃ ಎರಡು ಕೋಣೆಯದು, ಮಳೆಗಾಲದಲ್ಲಿ ಕಿಟಕಿ ಮುಚ್ಚಿಯೇ ಇರುವಂಥದು.

ನಮ್ಮಲ್ಲಿ ಎಲ್ಲರೂ ಬೆಕ್ಕಿನ ಕೂದಲನ್ನು ದೂರುತ್ತಾರೆ. ಕಾರಣ ಕೂದಲಲ್ಲ. ಬೆಕ್ಕಿನ ಜೊಲ್ಲಿನಲ್ಲಿಯೂ ಚರ್ಮದ ಎಣ್ಣೆ ಗ್ರಂಥಿಗಳಲ್ಲಿಯೂ ಉತ್ಪತ್ತಿಯಾಗುವ ಒಂದು ಪ್ರೋಟೀನು ಇದಕ್ಕೆ ಮುಖ್ಯ ಕಾರಣ. ವಿಜ್ಞಾನಿಗಳು ಅದನ್ನು ಫೆಲ್ ಡಿ 1 ಎಂದು ಕರೆಯುತ್ತಾರೆ. ಬೆಕ್ಕು ದಿನಕ್ಕೆ ಹತ್ತಾರು ಸಲ ಮೈ ನೆಕ್ಕಿಕೊಂಡಾಗ ಅದು ಕೂದಲಿಗೆ ಅಂಟಿ, ಒಣಗಿ, ಕಣ್ಣಿಗೆ ಕಾಣದ ಪುಡಿಯಾಗಿ ಗಾಳಿಗೆ ಸೇರುತ್ತದೆ. ಆ ಕಣಗಳು ಎಷ್ಟು ಹಗುರವೆಂದರೆ ಗಂಟೆಗಟ್ಟಲೆ ತೇಲುತ್ತವೆ; ಎಷ್ಟು ಅಂಟೆಂದರೆ ಗೋಡೆ, ಹಾಸಿಗೆ, ಪರದೆ, ಸೀರೆಯ ಸೆರಗಿಗೂ ಹಿಡಿದು, ಬೆಕ್ಕನ್ನೇ ಸಾಕದ ಮನೆಗಳಿಗೂ ಶಾಲೆಯ ಕೊಠಡಿಗಳಿಗೂ ಬಟ್ಟೆಯ ಮೂಲಕ ಹೋಗುತ್ತವೆ. ಆದ್ದರಿಂದ ಕೂದಲಿಲ್ಲದ ತಳಿಯ ಮಾತನ್ನು ದಯವಿಟ್ಟು ನಂಬಬೇಡಿ. ಅವಕ್ಕೂ ಜೊಲ್ಲಿದೆ, ಅವಕ್ಕೂ ಚರ್ಮವಿದೆ. ನಾಯಿಗಳ ವಿಷಯದಲ್ಲಿಯೂ ಅಲರ್ಜಿ ಬಾರದ ತಳಿ ಎಂದು ಹೇಳಿ ಸಾವಿರಾರು ರೂಪಾಯಿಗೆ ಮರಿಗಳನ್ನು ಮಾರುತ್ತಾರೆ. ಅಂಥ ನಾಯಿಗಳಿರುವ ಮನೆಯ ಧೂಳನ್ನು ಪರೀಕ್ಷಿಸಿದವರಿಗೆ ಬೇರೆ ನಾಯಿಗಳಿರುವ ಮನೆಗಿಂತ ಅದರಲ್ಲಿ ಕಡಿಮೆ ಪ್ರೋಟೀನು ಸಿಕ್ಕಿಲ್ಲ. ಬೆಕ್ಕಿಗೆ ಸ್ನಾನ ಮಾಡಿಸಿದರೆ ಗಾಳಿಯಲ್ಲಿನ ಅಂಶ ಇಳಿಯುವುದು ನಿಜ, ಆದರೆ ಕೆಲವೇ ದಿನಗಳಲ್ಲಿ ಮೊದಲಿನಷ್ಟೇ ಆಗುತ್ತದೆ, ಮತ್ತು ನೀರಿಗೆ ಹೆದರುವ ಆ ಜೀವಕ್ಕೆ ವಾರ ವಾರವೂ ಹಿಂಸೆ. ಗಂಡುಬೆಕ್ಕಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೂ ಈ ಪ್ರೋಟೀನು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. ಬರೀ ಸೀನು, ಕಣ್ಣುರಿ ಮಾತ್ರ ಇರುವವರು ಮಲಗುವ ಕೋಣೆಗೆ ಬೆಕ್ಕನ್ನು ಬಿಡದೆ, ಕಂಬಳಿ ರತ್ನಗಂಬಳಿಗಳನ್ನು ತೆಗೆದು, ವೈದ್ಯರ ಔಷಧಿಯೊಂದಿಗೆ ಹೇಗೋ ನಿಭಾಯಿಸುವುದುಂಟು. ಉಸಿರು ಕಟ್ಟಿ ಆಸ್ಪತ್ರೆ ಕಂಡ ನಿಮಗೆ ಆ ಮಾತನ್ನು ನಾನು ಹೇಳಲಾರೆ.

ಆದರೂ ಒಂದು ಸಂಶಯವನ್ನು ಪರಿಹರಿಸಿಕೊಳ್ಳಿ. ನಿಮಗೆ ತೊಂದರೆ ಶುರುವಾದದ್ದು ಮಳೆಗಾಲದಲ್ಲಿ. ನಮ್ಮ ಮಲೆನಾಡಿನ ಸೆರಗಿನ ಊರುಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಹತ್ತಿಯ ಹಾಸಿಗೆಯಲ್ಲಿ ಧೂಳಿನ ನುಸಿ ಹೆಚ್ಚುತ್ತದೆ. ಉಬ್ಬಸಕ್ಕೆ ಇವೆರಡೂ ದೊಡ್ಡ ಕಾರಣಗಳು. ಬೆಕ್ಕು ಬಂದ ಕಾಲವೂ ಬೂಷ್ಟಿನ ಕಾಲವೂ ಒಂದೇ ಆಗಿದ್ದರೆ ಯಾರ ತಪ್ಪು ಯಾರ ತಲೆಗೆ ಬರುತ್ತಿದೆಯೆಂದು ಊಹೆಯಿಂದ ಹೇಳಲಾಗದು. ಅಲರ್ಜಿ ತಜ್ಞರು ಮುಂಗೈಯ ಮೇಲೆ ಒಂದೊಂದು ಹನಿ ದ್ರಾವಣವಿಟ್ಟು ಮೆಲ್ಲಗೆ ಚುಚ್ಚಿ ನೋಡುವ ಚರ್ಮ ಪರೀಕ್ಷೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ; ರಕ್ತ ಪರೀಕ್ಷೆಯೂ ಇದೆ. ಚರ್ಮ ಪರೀಕ್ಷೆಗೆ ಮುಂಚೆ ಕೆಲವು ದಿನ ಅಲರ್ಜಿಯ ಮಾತ್ರೆಗಳನ್ನು ನಿಲ್ಲಿಸಬೇಕಾಗುತ್ತದೆ, ಎಷ್ಟು ದಿನವೆಂಬುದನ್ನು ಅವರನ್ನೇ ಕೇಳಿ. ಮನೆಯಲ್ಲಿ ಬೆಕ್ಕು ಇಲ್ಲದಿದ್ದಾಗ ನೋಡೋಣ ಎಂದು ಅದನ್ನು ನಾಲ್ಕು ದಿನ ತವರಿಗೆ ಕಳಿಸಿ, ಉಬ್ಬಸ ನಿಲ್ಲಲಿಲ್ಲ, ಹಾಗಾಗಿ ಬೆಕ್ಕು ಕಾರಣವಲ್ಲ ಎಂದು ತೀರ್ಮಾನಿಸುವವರಿದ್ದಾರೆ. ಅದು ಸರಿಯಲ್ಲ, ಬೆಕ್ಕು ಹೋದ ಮೇಲೂ ಅದರ ಪ್ರೋಟೀನು ಮನೆಯಲ್ಲಿ ನಾಲ್ಕರಿಂದ ಆರು ತಿಂಗಳು ಉಳಿಯಬಲ್ಲದು.

ಇನ್ನೊಂದು ಮಾತನ್ನು ನಿಮ್ಮ ಅಕ್ಕನ ಹಾಗೆ ಹೇಳುತ್ತೇನೆ. ಇನ್‌ಹೇಲರ್ ಸೇದಿದರೆ ಚಟವಾಗುತ್ತದೆ ಎಂಬ ಮಾತು ನಮ್ಮ ಊರುಗಳಲ್ಲಿ ಇಂದಿಗೂ ಓಡಾಡುತ್ತಿದೆ, ಅದು ಸುಳ್ಳು. ಉಸಿರು ಕಟ್ಟಿದಾಗ ಮಾತ್ರ ಸೇದುವ ಔಷಧಿಯೊಂದನ್ನೇ ನೆಚ್ಚಿಕೊಂಡು, ಶ್ವಾಸನಾಳದ ಊತವನ್ನು ಇಳಿಸುವ ದಿನನಿತ್ಯದ ಔಷಧಿಯನ್ನು ಬಿಡುವುದು ಅಪಾಯ. ಅಲರ್ಜಿಗೆ ಕಾರಣವಾದ ಅಂಶವನ್ನೇ ಸ್ವಲ್ಪ ಸ್ವಲ್ಪವಾಗಿ ಕೊಟ್ಟು ದೇಹವನ್ನು ಪಳಗಿಸುವ ಚಿಕಿತ್ಸೆಯೂ ಇದೆ. ಅದು ಮೂರರಿಂದ ಐದು ವರ್ಷ ಹಿಡಿಯುತ್ತದೆ, ಎಲ್ಲರಿಗೂ ಫಲಿಸುವುದಿಲ್ಲ, ಹತೋಟಿಯಲ್ಲಿಲ್ಲದ ಉಬ್ಬಸವಿದ್ದವರಿಗೆ ಅದನ್ನು ಕೊಡುವುದೂ ಇಲ್ಲ.

ಪರೀಕ್ಷೆಯಲ್ಲಿ ಬೆಕ್ಕೇ ಕಾರಣವೆಂದು ಬಂದರೆ, ಅದನ್ನು ಬೇರೆ ಮನೆಗೆ ಕೊಡುವುದು ಪಾಪವಲ್ಲ. ಬಿಟ್ಟುಬರುವುದು ಪಾಪ. ಈ ಎರಡರ ನಡುವಿನ ವ್ಯತ್ಯಾಸವನ್ನು ನಮ್ಮ ಜನ ಮರೆಯುತ್ತಾರೆಂಬುದು ನನ್ನ ಬಹುಕಾಲದ ಸಂಕಟ. ಬೆಕ್ಕನ್ನು ಗೋಣಿಚೀಲದಲ್ಲಿ ಕಟ್ಟಿ, ಹೇಮಾವತಿ ದಾಟಿಸಿ, ಮೀನು ಮಾರುಕಟ್ಟೆಯ ಬಳಿ ಬಿಟ್ಟರೆ ಹೇಗೋ ಬದುಕಿಕೊಳ್ಳುತ್ತದೆ ಎನ್ನುವವರ ಮಾತಿಗೆ ಕಿವಿಗೊಡಬೇಡಿ. ಮನೆಯ ಬೆಕ್ಕಿಗೆ ಬೀದಿಯ ನಾಯಿಯನ್ನು ತಪ್ಪಿಸಿಕೊಳ್ಳುವ ವಿದ್ಯೆ ಗೊತ್ತಿರುವುದಿಲ್ಲ. ಅದು ಬಂದ ದಾರಿಯನ್ನು ಹುಡುಕುತ್ತ ಹೆದ್ದಾರಿಯಲ್ಲಿ ಸಾಯುತ್ತದೆ. ಸಾಕಿದ ಪ್ರಾಣಿಯನ್ನು ಸಕಾರಣವಿಲ್ಲದೆ ಹಸಿವು ನೀರಡಿಕೆಗೆ ಈಡಾಗುವಂತೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧವೂ ಹೌದು. ಮೊದಲು ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ರೇಬೀಸ್ ಲಸಿಕೆ ಮಾಡಿಸಿ. ಹಾಸನದಲ್ಲೇ ಪಶುವೈದ್ಯಕೀಯ ಮಹಾವಿದ್ಯಾಲಯವಿದೆ, ಸರ್ಕಾರಿ ಪಶು ಆಸ್ಪತ್ರೆಯಿದೆ. ಅಲ್ಲಿಗೆ ಬರುವವರಲ್ಲೇ ಬೆಕ್ಕು ಸಾಕುವ ಮನೆಗಳನ್ನು ವಿಚಾರಿಸಬಹುದು. ಯಾರ ಮನೆಗೆ ಕೊಡುತ್ತೀರೋ ಆ ಮನೆಯನ್ನು ಒಮ್ಮೆ ಕಣ್ಣಾರೆ ನೋಡಿ ಬನ್ನಿ. ಅದು ಮಲಗುತ್ತಿದ್ದ ಬಟ್ಟೆಯನ್ನು, ತಿನ್ನುತ್ತಿದ್ದ ತಟ್ಟೆಯನ್ನು ತೊಳೆಯದೆ ಹಾಗೆಯೇ ಜೊತೆಗೆ ಕೊಡಿ, ತನ್ನ ವಾಸನೆಯಿರುವ ವಸ್ತುವೊಂದಿದ್ದರೆ ಹೊಸ ಜಾಗದಲ್ಲಿ ಬೆಕ್ಕು ಬೇಗ ನೆಲೆಗೊಳ್ಳುತ್ತದೆ. ಮೊದಲ ಎರಡು ಮೂರು ವಾರ ಹೊರಗೆ ಬಿಡಬೇಡಿ ಎಂದು ಹೊಸ ಮನೆಯವರಿಗೆ ತಿಳಿಸಿ.

ಮಗಳ ವಿಷಯದಲ್ಲಿ ನನ್ನದೊಂದೇ ಕೋರಿಕೆ: ಅವಳು ಶಾಲೆಯಲ್ಲಿರುವಾಗ ಬೆಕ್ಕನ್ನು ಸಾಗಿಸಬೇಡಿ. ಓಡಿಹೋಯಿತು ಎಂದು ಹೇಳಬೇಡಿ. ಅಮ್ಮನ ಉಸಿರಾಟಕ್ಕೆ ತೊಂದರೆಯಾಗುತ್ತಿದೆ, ಬೆಕ್ಕಿನ ತಪ್ಪೂ ಇಲ್ಲ, ಅಮ್ಮನ ತಪ್ಪೂ ಇಲ್ಲ ಎಂದು ಎದುರಿಗೆ ಕೂರಿಸಿಕೊಂಡು ಹೇಳಿ, ಹೊಸ ಮನೆಗೆ ಅವಳ ಕೈಯಲ್ಲೇ ಬುಟ್ಟಿ ಹಿಡಿಸಿ ಕರೆದೊಯ್ಯಿರಿ. ಆಮೇಲೆ ಅವಳು ಅಲ್ಲಿಗೆ ಹೋಗಿ ಆಡಿ ಬರಬಹುದು. ಬಂದ ಕೂಡಲೇ ಸ್ನಾನ ಮಾಡಿ, ಬಟ್ಟೆಯನ್ನು ನೇರವಾಗಿ ನೀರಿಗೆ ಹಾಕಲಿ. ನನ್ನ ಬೂದುಬೆಕ್ಕು ಎರಡು ಮನೆ ಆಚೆ ಒಬ್ಬ ಅಜ್ಜಿಯ ಬಳಿ ಒಂಬತ್ತು ವರ್ಷ ಬದುಕಿತು. ಸಂಜೆ ನಾನು ಗೇಟಿನ ಹೊರಗೆ ನಿಂತು ಕರೆದರೆ ಕಾಂಪೌಂಡಿನ ಮೇಲೆ ನಡೆದು ಬಂದು, ನನಗೆ ಕೈಗೆಟುಕದಷ್ಟು ದೂರದಲ್ಲಿ ಕುಳಿತು, ಕಣ್ಣನ್ನು ನಿಧಾನವಾಗಿ ಮುಚ್ಚಿ ತೆರೆಯುತ್ತಿತ್ತು. ಹೆದರದೆ ನಂಬಿದವರೆದುರು ಬೆಕ್ಕು ಹಾಗೆ ಮಾಡುತ್ತದೆ. ನಾನೂ ಹಾಗೆಯೇ ಕಣ್ಣು ಮುಚ್ಚಿ ತೆರೆಯುತ್ತಿದ್ದೆ.

ಪ್ರಶ್ನೆ: ಚಿಕ್ಕಮಗಳೂರಿನಿಂದ ಬರೆಯುತ್ತಿದ್ದೇನೆ. ಹತ್ತು ವರ್ಷದ ನನ್ನ ಮಗನಿಗೆ ಐದು ತಿಂಗಳ ಹಿಂದೆ ಮೂತ್ರಪಿಂಡದ ಕಸಿ ಆಯಿತು. ಕಾಯಿಲೆಯ ದಿನಗಳಲ್ಲೆಲ್ಲ, ಗುಣವಾದ ಮೇಲೆ ನಾಯಿಮರಿ ತರುತ್ತೇನೆಂದು ಮಾತು ಕೊಟ್ಟಿದ್ದೆ. ಈಗ ವೈದ್ಯರು ಪ್ರಾಣಿಗಳು ಬೇಡ ಎನ್ನುತ್ತಾರೆ. ಬಂಧುವೊಬ್ಬರು ಆಮೆಯಾದರೆ ತೊಂದರೆಯಿಲ್ಲ, ಬಾಯಿಲ್ಲದ ಪ್ರಾಣಿ ಎಂದು ತಂದುಕೊಡಲು ಹೊರಟಿದ್ದಾರೆ. ಆಮೆ ಅಥವಾ ಲವ್ ಬರ್ಡ್ಸ್ ಸಾಕಬಹುದೇ?

ಉತ್ತರ: ಆಮೆ ಬೇಡ, ಹಕ್ಕಿಯೂ ಬೇಡ, ನಾಯಿಮರಿಯೂ ಈಗ ಬೇಡ. ಹೇಳಲು ನನಗೂ ಕಷ್ಟವಾಗುತ್ತಿದೆ, ಆದರೆ ಕಾರಣ ತಿಳಿದರೆ ಮಗನಿಗೆ ವಿವರಿಸುವುದು ಸುಲಭವಾದೀತು.

ಕಸಿ ಮಾಡಿದ ಅಂಗವನ್ನು ದೇಹ ಪರಕೀಯವೆಂದು ತಳ್ಳದಿರಲಿ ಎಂದು ಅವನಿಗೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ಕೊಡುತ್ತಿರುತ್ತಾರೆ, ಮೊದಲ ತಿಂಗಳುಗಳಲ್ಲಿ ಅದರ ಪ್ರಮಾಣವೂ ಹೆಚ್ಚು. ಆರೋಗ್ಯವಂತ ಹುಡುಗನಿಗೆ ಏನೂ ಮಾಡದ ಸೂಕ್ಷ್ಮಜೀವಿ ಅವನನ್ನು ಹಾಸಿಗೆ ಹಿಡಿಸಬಲ್ಲದು. ಆಮೆ ನೋಡಲು ಶಾಂತ ಪ್ರಾಣಿ, ಆದರೆ ತಾನು ಆರೋಗ್ಯವಾಗಿಯೇ ಇದ್ದು ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯಾವನ್ನು ಹೊತ್ತಿರುವುದು ಸಾಮಾನ್ಯ. ಚಿಪ್ಪನ್ನು ಮುಟ್ಟಿದ ಕೈ ಬಾಯಿಗೆ ಹೋದರೆ ಸಾಕು. ಇದರ ಜೊತೆಗೆ, ಅಂಗಡಿಗಳಲ್ಲಿ ಗುಟ್ಟಾಗಿ ಮಾರುವ ನಕ್ಷತ್ರ ಆಮೆಯನ್ನಾಗಲಿ, ನಮ್ಮ ಹಸಿರು ಗಿಳಿಯನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ನಿಮ್ಮ ಬಂಧುಗಳಿಗೆ ಇದನ್ನು ತಿಳಿಸಿ. ಪಂಜರದ ಹಕ್ಕಿಗಳ ಒಣಗಿದ ಹಿಕ್ಕೆಯ ಪುಡಿಯಿಂದ ಶ್ವಾಸಕೋಶದ ಸೋಂಕು ತಗಲಬಹುದು, ಪಾರಿವಾಳದ ಹಿಕ್ಕೆಯಲ್ಲಂತೂ ಮಿದುಳಿನ ಪೊರೆಗೆ ಸೋಂಕು ತರುವ ಶಿಲೀಂಧ್ರ ಬೆಳೆಯುತ್ತದೆ. ಮೀನಿನ ತೊಟ್ಟಿ ತಂದರೂ ಅದರ ನೀರನ್ನು ಅವನು ಮುಟ್ಟಬಾರದು, ತೊಳೆಯುವ ಕೆಲಸ ನಿಮ್ಮದು.

ನಾಯಿಯ ವಿಷಯ ಬೇರೆ. ಅದು ಎಂದೆಂದಿಗೂ ಆಗದ ಮಾತಲ್ಲ. ಸಾಮಾನ್ಯವಾಗಿ ಕಸಿಯಾದ ಮೊದಲ ಆರು ತಿಂಗಳಿಂದ ಒಂದು ವರ್ಷದವರೆಗೆ ಹೊಸ ಪ್ರಾಣಿಯನ್ನು ತರಬಾರದು ಎನ್ನುತ್ತಾರೆ. ಆಮೇಲೆ, ಕಸಿ ಮಾಡಿದ ವೈದ್ಯರು ಒಪ್ಪಿದರೆ, ಮರಿಯನ್ನಲ್ಲ, ಒಂದು ವರ್ಷ ದಾಟಿದ, ಲಸಿಕೆ ಮತ್ತು ಜಂತುಹುಳುವಿನ ಔಷಧಿಗಳೆಲ್ಲ ಮುಗಿದಿರುವ, ಸಾಧುಸ್ವಭಾವದ ನಾಯಿಯನ್ನು ತರಬಹುದು. ಮರಿಗಳಿಗೆ ಭೇದಿಯಾಗುವುದು ಹೆಚ್ಚು, ಆಟದಲ್ಲಿ ಕಚ್ಚುವುದು ಪರಚುವುದು ಹೆಚ್ಚು. ಅದಕ್ಕಾಗಿ ಈ ಮಾತು. ನಾಯಿಗೆ ಹಸಿ ಮಾಂಸ ಹಾಕಬಾರದು, ಅದರ ಮಲವನ್ನು ಹುಡುಗ ತೆಗೆಯಬಾರದು, ಮುಖ ನೆಕ್ಕಲು ಬಿಡಬಾರದು. ನೆಂಟರ ಮನೆಯ ಕೊಟ್ಟಿಗೆಗೆ ಹೋದಾಗ ಕಾಯಿಸದ ಹಾಲು ಕುಡಿಯಬಾರದು, ಪ್ರೀತಿಯಿಂದ ನೊರೆಹಾಲು ಕೊಡುವ ಹಿರಿಯರಿಗೆ ಇದನ್ನು ಮೊದಲೇ ಹೇಳಿಟ್ಟಿರಿ.

ನೀವು ಮಾತು ಮುರಿಯುತ್ತಿಲ್ಲ, ಮುಂದೂಡುತ್ತಿದ್ದೀರಿ. ಹಾಗೆಂದು ಅವನಿಗೆ ಹೇಳಿ, ಕ್ಯಾಲೆಂಡರಿನಲ್ಲಿ ವೈದ್ಯರನ್ನು ಕೇಳಬೇಕಾದ ತಿಂಗಳನ್ನು ಅವನ ಕೈಯಲ್ಲೇ ಗುರುತು ಹಾಕಿಸಿ. ಅಲ್ಲಿಯವರೆಗೆ ಒಂದು ದುರ್ಬೀನು ಕೊಡಿಸಿ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿಯ ಮೇಲೆ ಬೆಳಿಗ್ಗೆ ಒಂದು ಗಂಟೆ ನಿಂತರೆ ನೀರುಕಾಗೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವುದು, ಮಿಂಚುಳ್ಳಿ ನೀರಿಗೆ ಬೀಳುವುದು ಕಾಣುತ್ತದೆ. ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳಿವೆ. ಮುಟ್ಟದೆ ನೋಡುವ ಪ್ರಾಣಿಗಳಿಂದ ಅವನಿಗೆ ಅಪಾಯವಿಲ್ಲ, ಅವನಿಂದ ಅವಕ್ಕೂ ಇಲ್ಲ. ಜನ ಕಿಕ್ಕಿರಿಯದ ಹೊತ್ತಿನಲ್ಲಿ, ಮಾಸ್ಕ್ ಹಾಕಿಸಿ, ವೈದ್ಯರು ಹೊರಗೆ ಓಡಾಡಬಹುದು ಎಂದ ಮೇಲೆ ಕರೆದೊಯ್ಯಿರಿ. ಅವನು ನೋಡಿದ ಹಕ್ಕಿಗಳ ಹೆಸರನ್ನು ನನಗೆ ಬರೆದು ಕಳಿಸಲಿ, ನಾನು ಉತ್ತರ ಬರೆಯುತ್ತೇನೆ.

ಪ್ರಶ್ನೆ: ಸಕಲೇಶಪುರದವಳು, ಮೂರು ತಿಂಗಳ ಗರ್ಭಿಣಿ. ಬೆಕ್ಕು ಇದ್ದರೆ ಮಗುವಿಗೆ ತೊಂದರೆಯೆಂದು ಅತ್ತೆ ಮನೆಯಲ್ಲಿ ನನ್ನ ಆರು ವರ್ಷದ ಬೆಕ್ಕನ್ನು ಬಿಟ್ಟುಬರಲು ಒತ್ತಾಯಿಸುತ್ತಿದ್ದಾರೆ.

ಉತ್ತರ: ಬಿಡಬೇಕಾಗಿಲ್ಲ. ಹಿರಿಯರ ಭಯಕ್ಕೆ ಕಾರಣವಾದ ಟಾಕ್ಸೊಪ್ಲಾಸ್ಮ ಎಂಬ ಪರಾವಲಂಬಿ ಇರುವುದು ನಿಜ, ಗರ್ಭದಲ್ಲಿರುವ ಮಗುವಿಗೆ ಅದು ಹಾನಿ ಮಾಡಬಲ್ಲದು ಎಂಬುದೂ ನಿಜ. ಆದರೆ ಅದು ಬೆಕ್ಕನ್ನು ಮುದ್ದಿಸುವುದರಿಂದ ಬರುವಂಥದಲ್ಲ. ಸೋಂಕು ತಗಲಿದ ಬೆಕ್ಕು ತನ್ನ ಜೀವಮಾನದಲ್ಲಿ ಸಾಮಾನ್ಯವಾಗಿ ಕೆಲವೇ ವಾರ ಮಲದಲ್ಲಿ ಅದರ ಅಂಶವನ್ನು ಹೊರಹಾಕುತ್ತದೆ, ಮತ್ತು ಆ ಅಂಶ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಬೇಕು. ಹಾಗಾಗಿ ಬೆಕ್ಕಿನ ಮಲವನ್ನು ನೀವಲ್ಲದೆ ಮನೆಯ ಬೇರೊಬ್ಬರು ದಿನವೂ ತೆಗೆದುಹಾಕಿದರೆ ಅಪಾಯ ಬಹಳ ಕಡಿಮೆಯಾಗುತ್ತದೆ. ಬೆಕ್ಕಿಗೆ ಬೇಯಿಸಿದ ಆಹಾರವನ್ನೇ ಹಾಕಿ, ಇಲಿ ಹಿಡಿಯಲು ಹೊರಗೆ ಬಿಡಬೇಡಿ. ಈ ಸೋಂಕು ಮನುಷ್ಯರಿಗೆ ಅರೆಬೆಂದ ಮಾಂಸದಿಂದ, ಮಣ್ಣು ಹತ್ತಿದ ಸೊಪ್ಪು ತರಕಾರಿಯಿಂದ ಬರುವುದೇ ಹೆಚ್ಚು; ಸೊಪ್ಪನ್ನು ಚೆನ್ನಾಗಿ ತೊಳೆಯಿರಿ, ಹಿತ್ತಲಿನ ಕೆಲಸಕ್ಕೆ ಕೈಗವಸು ಹಾಕಿಕೊಳ್ಳಿ. ಹೆರಿಗೆ ವೈದ್ಯರೊಂದಿಗೆ ಮಾತಾಡಿ, ಸಾಧ್ಯವಾದರೆ ಅತ್ತೆಯವರನ್ನೂ ಜೊತೆಗೆ ಕರೆದೊಯ್ಯಿರಿ; ಸೊಸೆಯ ಬಾಯಿಂದ ಕೇಳಿದರೆ ಹಟವೆನ್ನಿಸುವ ಮಾತು ವೈದ್ಯರ ಬಾಯಿಂದ ಕೇಳಿದಾಗ ಸಮಾಧಾನವೆನ್ನಿಸುತ್ತದೆ. ಅಕಸ್ಮಾತ್ ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ, ಗರ್ಭಿಣಿಯೆಂದು ಹಿಂಜರಿಯದೆ ವೈದ್ಯರ ಬಳಿ ಹೋಗಿ, ರೇಬೀಸ್ ಲಸಿಕೆಯನ್ನು ಬಸುರಿಯರೂ ಹಾಕಿಸಿಕೊಳ್ಳಬಹುದು.

ಪ್ರಶ್ನೆ: ನನಗೆ 74 ವರ್ಷ, ಊರು ಅಜ್ಜಂಪುರದ ಹತ್ತಿರ. ಹೆಂಡತಿ ತೀರಿಕೊಂಡು ಎರಡು ವರ್ಷವಾಯಿತು. ಚಿಕ್ಕಂದಿನಿಂದ ದನಕರು, ನಾಯಿಗಳ ನಡುವೆಯೇ ಬಾಳಿದವನು. ಹೃದಯದ ತೊಂದರೆಗೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ, ಮಂಡಿಯೂ ಸರಿಯಿಲ್ಲ. ಒಂದು ನಾಯಿ ಸಾಕೋಣವೆಂದರೆ ಬೆಂಗಳೂರಿನಲ್ಲಿರುವ ಮಗ ಖಂಡಿತ ಬೇಡ ಎನ್ನುತ್ತಾನೆ. ಮನೆ ಬಿಕೋ ಎನ್ನುತ್ತದೆ.

ಉತ್ತರ: ನಿಮ್ಮ ಮಗ ಹೇಳುವುದರಲ್ಲಿ ಸತ್ಯವಿದೆ. ಆ ಮಾತ್ರೆ ತೆಗೆದುಕೊಳ್ಳುವವರಿಗೆ ಸಣ್ಣ ಪರಚುಗಾಯದಿಂದಲೂ ರಕ್ತ ಬೇಗ ನಿಲ್ಲುವುದಿಲ್ಲ. ನಾಯಿ ಹಗ್ಗ ಎಳೆದು ಬಿದ್ದರೆ ತಲೆಯೊಳಗೆ ರಕ್ತಸ್ರಾವವಾಗುವ ಭಯವಿದೆ, ತೊಡೆಯ ಮೂಳೆ ಮುರಿಯುವ ಭಯವಿದೆ. ಬೆಳಿಗ್ಗೆ ಸಂಜೆ ಓಡಾಡಿಸಲೇಬೇಕಾದ ಎಳೆಯ ನಾಯಿಯನ್ನು ನೀವು ತರಬಾರದು. ಇದರ ಜೊತೆಗೆ ನಾನು ಪ್ರಾಣಿಯ ಪರವಾಗಿಯೂ ಕೇಳಬೇಕಾಗುತ್ತದೆ: ನೀವು ಆಸ್ಪತ್ರೆ ಸೇರಿದರೆ ಅದಕ್ಕೆ ಅನ್ನ ಹಾಕುವವರು ಯಾರು, ನಾಯಿ ಹನ್ನೆರಡು ವರ್ಷ ಬದುಕಿದರೆ ಕೊನೆಯ ವರ್ಷಗಳಲ್ಲಿ ಅದು ಯಾರ ಮನೆಯಲ್ಲಿರುತ್ತದೆ? ಒಡೆಯರು ತೀರಿಕೊಂಡ ಮೇಲೆ ಬಾಗಿಲ ಮುಂದೆ ಕಾದು ಕುಳಿತ ನಾಯಿಗಳನ್ನು ನಾನು ನೋಡಿದ್ದೇನೆ. ಈ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲ ನೆರೆಯವರೊಬ್ಬರು ಇಲ್ಲದೆ ನಾನು ಹೂಂ ಎನ್ನಲಾರೆ.

ಆದರೆ ಮಗನ ಮಾತಿನಲ್ಲಿ ಪೂರ್ತಿ ಸತ್ಯವೂ ಇಲ್ಲ. ಬಿಕೋ ಎನ್ನುವ ಮನೆಯೂ ಮುದುಕರ ಆರೋಗ್ಯವನ್ನು ಕೆಡಿಸುತ್ತದೆ. ಅದನ್ನು ಅವರು ಲೆಕ್ಕಕ್ಕೆ ತೆಗೆದುಕೊಂಡಂತಿಲ್ಲ. ನೀವಿರುವ ಊರು ಸಾಮಾನ್ಯವಾದದ್ದಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿಯೆಂದು ಹೆಸರಾಗಿದ್ದ, ಟಿಪ್ಪುವಿನ ಕಾಲದಲ್ಲಿ ಅಮೃತ ಮಹಲ್ ಎನ್ನಿಸಿಕೊಂಡ ರಾಸುಗಳ ತಳಿ ಸಂವರ್ಧನಾ ಕೇಂದ್ರ ಅಜ್ಜಂಪುರದಲ್ಲೇ ಇದೆ. ತರಬೇತಿಯ ದಿನಗಳಲ್ಲಿ ಅಲ್ಲಿಗೆ ಹೋಗಿದ್ದಾಗ, ನೀಳ ಕೊಂಬಿನ ಬೂದು ಹಸುವೊಂದು ತನ್ನ ಕರುವಿನ ಪಕ್ಕ ಹೆಜ್ಜೆ ಕದಲಿಸದೆ ನಿಂತು ನಮ್ಮನ್ನು ಅಳೆಯುತ್ತಿದ್ದುದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಅಂಥ ರಾಸುಗಳ ಹತ್ತಿರ ನೀವು ಈಗ ಹೋಗುವಂತಿಲ್ಲ, ಒಂದು ಕೊಂಬಿನ ತಿವಿತ ಸಾಕು. ಆದರೆ ನಿಮ್ಮ ಕೇರಿಯಲ್ಲಿ ಸಾಧುವಾದ ಒಂದು ಹಸುವೋ ಕರುವೋ ಇರುವ ಮನೆ ಇದ್ದೇ ಇರುತ್ತದೆ. ಅವರನ್ನು ಕೇಳಿ, ದಿನವೂ ಒಂದು ಹೊರೆ ಹಸಿಹುಲ್ಲಿನ ಖರ್ಚು ನಿಮ್ಮದಾಗಲಿ. ಬೇಲಿಯ ಹೊರಗೆ ಗಟ್ಟಿಯಾದ ಕುರ್ಚಿ ಹಾಕಿಸಿಕೊಂಡು ಕುಳಿತು, ಅಡ್ಡಗಳುವಿನ ನಡುವಿನಿಂದ ಹುಲ್ಲು ಚಾಚಿ. ನಿಂತು ತಿನ್ನಿಸಬೇಡಿ, ಕರು ತಲೆಯಾಡಿಸಿದರೆ ಆಯ ತಪ್ಪೀತು. ಕೈಗೆ ತುಂಬುತೋಳಿನ ಅಂಗಿ ಇರಲಿ. ದನದ ನಾಲಿಗೆ ಮರಳುಕಾಗದದ ಹಾಗೆ ಉಜ್ಜುತ್ತದೆ, ವಯಸ್ಸಾದವರ ಚರ್ಮ ತೆಳು. ಸಣ್ಣಗೆ ತರಚಿದರೂ ಸಾಬೂನು ಹಾಕಿ ತೊಳೆದು, ಬಟ್ಟೆಯಿಂದ ಹತ್ತು ನಿಮಿಷ ಅದುಮಿ ಹಿಡಿಯಿರಿ, ನಿಲ್ಲದಿದ್ದರೆ ತಡಮಾಡದೆ ವೈದ್ಯರ ಬಳಿ ಹೋಗಿ.

ಬೀದಿಯ ನಾಯಿಗೆ ಅನ್ನ ಹಾಕುವ ಅಭ್ಯಾಸ ನಿಮಗೆ ಇದ್ದರೆ, ಕೈಯಿಂದ ತಿನ್ನಿಸದೆ ತಟ್ಟೆಯಲ್ಲಿ ಇಟ್ಟು ದೂರ ಸರಿಯಿರಿ, ಮತ್ತು ಅದಕ್ಕೆ ಲಸಿಕೆ ಹಾಕಿಸಲು ಪಶು ಆಸ್ಪತ್ರೆಯವರ ನೆರವು ಕೇಳಿ. ಯಾವ ನಾಯಿ ಕಚ್ಚಿದರೂ ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ. ನೀವು ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವ ವಿಷಯವನ್ನು ಚುಚ್ಚುವ ಮೊದಲೇ ಹೇಳಿ.

ಕರುವಿಗೆ ಹೆಸರಿಟ್ಟಿರದಿದ್ದರೆ, ಹೆಸರಿಡುವ ಅವಕಾಶವನ್ನು ನಿಮಗೆ ಕೊಡುತ್ತಾರೆಯೇ ಎಂದು ಆ ಮನೆಯವರನ್ನು ಕೇಳಿ ನೋಡಿ. ನಿಮ್ಮ ಹೆಜ್ಜೆಯ ಸದ್ದನ್ನೂ, ಕರೆಯುವ ದನಿಯನ್ನೂ ದನಗಳು ಕೆಲವೇ ದಿನಗಳಲ್ಲಿ ಗುರುತು ಹಿಡಿಯುತ್ತವೆ. ದಿನವೂ ಒಂದೇ ಹೊತ್ತಿಗೆ ಹೋಗಿ.